ಗುಂಡಿಯ ಕಾವಲ್ಲ, ಒಳಗಿನ ಗಂಟು

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಒಂದು ಕಾಯಿಲೆಗೆ ಯಾರೂ ಹೆದರುವುದಿಲ್ಲ. ಓಣಿಯವರು ಅದಕ್ಕೆ ಇಟ್ಟಿರುವ ಹೆಸರು ಗುಂಡಿಯ ಕಾವು. ರೇಷ್ಮೆ ಸೀರೆ ನೇಯುವವರು ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ಅದರ ಅಂಚಿನ ಹಲಗೆಯ ಮೇಲೆ ದಿನಕ್ಕೆ ಒಂಬತ್ತು ಹತ್ತು ಗಂಟೆ ಕೂತಿರುತ್ತಾರೆ. ಹಾಗೆ ಕೂತವರಲ್ಲಿ ಕೆಲವರಿಗೆ ಮಲದ ಜೊತೆ ರಕ್ತ ಬೀಳುತ್ತದೆ. ಕೂತು ಕೂತು ಮೈ ಕಾದಿದೆ, ಮೂಲವ್ಯಾಧಿ ಆಗಿದೆ ಎಂದು ಅವರವರೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಮಜ್ಜಿಗೆ ಕುಡಿಯುತ್ತಾರೆ, ಖಾರ ಬಿಡುತ್ತಾರೆ, ಹಲಗೆಯ ಮೇಲೆ ಹಳೆಯ ಬಟ್ಟೆ ಮಡಿಸಿ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಡಾಕ್ಟರಿಗೆ ತೋರಿಸುವವರು ಕಡಿಮೆ. ತೋರಿಸುವಂಥ ಜಾಗವೂ ಅದಲ್ಲ ಎಂಬುದು ಓಣಿಯವರ ಮಾತು.

ಬೊಮ್ಮಲಿಂಗಪ್ಪನಿಗೆ ಐವತ್ತೆರಡು ವರ್ಷ. 2004ರ ಯುಗಾದಿ ಕಳೆದ ಮೇಲೆ ಅವನಿಗೂ ರಕ್ತ ಕಂಡಿತು. ಪಕ್ಕದ ಮನೆಗೆ ನೆಂಟರು ಬಂದ ಸುದ್ದಿ ಹೇಳುವಷ್ಟು ಸಲೀಸಾಗಿ ಅವನು ಅದನ್ನು ಹೆಂಡತಿ ಬಸವಲಿಂಗಮ್ಮನಿಗೆ ಹೇಳಿದ.

“ನಂಗೂ ಗುಂಡಿ ಕಾವು ಶುರುವಾಯ್ತು ಕಣೆ. ಸಾರಿಗೆ ಖಾರ ಕಮ್ಮಿ ಹಾಕು.”

“ಡಾಕ್ಟ್ರಿಗೆ ತೋರಿಸ್ರಿ ಮತ್ತೆ.”

“ಏನಂತ ತೋರ್ಸೋದು? ಸುಮ್ನಿರು.”

ಬಸವಲಿಂಗಮ್ಮ ಸುಮ್ಮನಿದ್ದಳು. ಆದರೆ ನೋಡುವುದನ್ನು ಬಿಡಲಿಲ್ಲ. ಅವಳು ಕೂರುವ ಜಾಗವೇ ಅಂಥದ್ದು. ಅವರ ಮಗ್ಗದಲ್ಲಿ ನೇಯುವ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಅದಕ್ಕೆ ಮೂರು ಲಾಳಿ ಬೇಕು. ಎರಡನ್ನು ಬೊಮ್ಮಲಿಂಗಪ್ಪ ಓಡಿಸುತ್ತಿದ್ದ. ಎಡಗಡೆಯ ಅಂಚಿನ ಮೂರನೆಯ ಲಾಳಿ ಬಸವಲಿಂಗಮ್ಮನ ಕೈಯಲ್ಲಿ. ಅವಳು ಲಾಳಿ ಹಾಯಿಸದೆ ಒಂದು ಎಳೆಯೂ ಪೂರ್ತಿಯಾಗುವುದಿಲ್ಲ. ಹದಿನೆಂಟು ವರ್ಷದಿಂದ ಗಂಡನಿಗೆ ಒಂದು ಮೊಳ ದೂರದಲ್ಲಿ ಕೂತವಳು ಅವಳು. ಅವನು ಹಲಗೆಯಿಂದ ಏಳಬೇಕಾದರೆ ಅವಳೂ ಲಾಳಿ ಕೆಳಗಿಟ್ಟು ಕಾಯಬೇಕು.

ಮೊದಲು ಅವನು ಬೆಳಗಿನಿಂದ ಸಂಜೆಯವರೆಗೆ ಎರಡು ಸಲ ಏಳುತ್ತಿದ್ದ. ಶ್ರಾವಣದ ಹೊತ್ತಿಗೆ ಅದು ಐದಾಯಿತು. ದಸರೆ ಕಳೆಯುವಷ್ಟರಲ್ಲಿ ಏಳೆಂಟು. ಚೊಂಬು ಹಿಡಿದು ಹಿತ್ತಿಲಿಗೆ ಹೋದವನು ಎರಡೇ ನಿಮಿಷಕ್ಕೆ ತಿರುಗಿ ಬರುತ್ತಿದ್ದ. ಹೋಗಿ ಬಂದರೂ ಹೋಗಿ ಬಂದಂತೆ ಅನ್ನಿಸುವುದಿಲ್ಲ ಎಂದು ಒಂದು ದಿನ ಬಾಯಿ ತಪ್ಪಿ ಅಂದ. ಬಟ್ಟೆ ಒಗೆಯುವಾಗ ಅವಳಿಗೆ ರಕ್ತದ ಕಲೆಯ ಜೊತೆಗೆ ಇನ್ನೇನೋ ಕಂಡಿತು. ನೂಲಿಗೆ ಹಾಕುವ ಗಂಜಿಯ ಹಾಗೆ ಅಂಟಂಟಾದ ಲೋಳೆ. ಮೂಲವ್ಯಾಧಿ ಇದ್ದ ತನ್ನ ತಂದೆಯ ಬಟ್ಟೆಗಳನ್ನೂ ಅವಳು ಒಗೆದಿದ್ದಳು. ಅದರಲ್ಲಿ ಇದು ಇರಲಿಲ್ಲ.

ಒಂದು ಬೆಳಿಗ್ಗೆ ಹಲಗೆಯ ಮೇಲಿದ್ದ ಬಿಳಿ ಪಂಚೆಯ ತುಂಡು ಮಾಯವಾಗಿ ಕೆಂಪು ಬಟ್ಟೆ ಬಂದಿತ್ತು.

“ಬಿಳೀದು ಎಲ್ಲಿ ಹೋಯ್ತು?”

“ಹರಿದಿತ್ತು. ಎಸೆದೆ.”

“ಕೆಂಪುದೇ ಯಾಕೆ ಹಾಕಿದ್ರಿ?”

“ಕೆಂಪು ಹಾಕಿದ್ರೂ ತಪ್ಪಾ ನಿಂಗೆ? ನಾಳೆಯಿಂದ ಜರಿ ಸೆರಗು ಹಾಸ್ತೀನಿ ಬಿಡು.”

ಅವಳಿಗೆ ನಗು ಬರಲಿಲ್ಲ. ಕಲೆ ಕಾಣದಿರಲಿ ಎಂದೇ ಕೆಂಪು ಹಾಕಿದ್ದಾನೆ ಎಂಬುದು ಅವಳಿಗೆ ತಿಳಿಯಿತು. ಕಾಣದಂತೆ ಮಾಡಬೇಕಾದಷ್ಟು ರಕ್ತ ಹೋಗುತ್ತಿದೆ ಎಂಬುದೂ ತಿಳಿಯಿತು.

ಅಷ್ಟರಲ್ಲಿ ಒಂದು ಔಷಧವೂ ಆಗಿತ್ತು. ಎದುರು ಮನೆಯ ಚಿತ್ತಪ್ಪ, ಅವನೂ ನೇಕಾರನೇ, ಬೊಮ್ಮಲಿಂಗಪ್ಪನಿಗಿಂತ ಆರು ವರ್ಷ ದೊಡ್ಡವನು, ಅವನನ್ನು ಆಂಧ್ರದ ಗಡಿಯಾಚೆ ಒಂದು ಹಳ್ಳಿಯ ನಾಟಿ ವೈದ್ಯನ ಹತ್ತಿರ ಕರೆದುಕೊಂಡು ಹೋಗಿದ್ದ. ವೈದ್ಯ ಕೈ ಹಿಡಿದು ನಾಡಿ ನೋಡಿ, “ಏಮೀ ಕಾದು, ಮೂಲವ್ಯಾಧಿ” ಎಂದ. ಏನೂ ಆಗುವುದಿಲ್ಲ ಎಂದು ತೆಲುಗಿನಲ್ಲಿ ಧೈರ್ಯ ಹೇಳಿ ನಲವತ್ತು ದಿನದ ಪುಡಿ ಕೊಟ್ಟ. ಒಂದು ವಾರ ರಕ್ತ ಕಡಿಮೆಯಾಯಿತು. ಆಮೇಲೆ ಮೊದಲಿಗಿಂತ ಹೆಚ್ಚಾಯಿತು. ಪಥ್ಯ ಕೆಟ್ಟಿರಬೇಕು ಎಂದ ಚಿತ್ತಪ್ಪ.

ಶನಿವಾರ ಸ್ತ್ರೀಶಕ್ತಿ ಸಂಘದ ಸಭೆ ಅಂಗನವಾಡಿಯಲ್ಲಿ ನಡೆಯುತ್ತಿತ್ತು. ಆರೋಗ್ಯ ಸಹಾಯಕಿ ದಾಕ್ಷಾಯಿಣಿ ಅಲ್ಲಿಗೆ ಬಂದು ಮಕ್ಕಳ ಲಸಿಕೆಯ ದಿನ ಹೇಳಿ ಹೋಗುವುದು ವಾಡಿಕೆ. ಓಣಿಯವರಿಗೆಲ್ಲ ಅವಳು ನರ್ಸಮ್ಮ. ಆ ಶನಿವಾರ ಸಭೆ ಮುಗಿದ ಮೇಲೆ ಬಸವಲಿಂಗಮ್ಮ ಅವಳ ಜೊತೆಯಲ್ಲೇ ಹೆಜ್ಜೆ ಹಾಕಿದಳು. ನಲ್ಲಿಯ ಹತ್ತಿರ ಯಾರೂ ಇಲ್ಲದ್ದನ್ನು ನೋಡಿಕೊಂಡು ಮಾತು ತೆಗೆದಳು.

“ನರ್ಸಮ್ಮಾರೆ, ನಮ್ಮ ಸಂಬಂಧಿಕರೊಬ್ರಿಗೆ ಕೆಳಗಡೆ ರಕ್ತ ಹೋಗ್ತೈತೆ.”

“ಯಾವ ಸಂಬಂಧಿಕರು?”

“ಹತ್ರದೋರೇ.”

ದಾಕ್ಷಾಯಿಣಿ ಅವಳ ಮುಖ ನೋಡಿದಳು. “ಬೊಮ್ಮಲಿಂಗಣ್ಣಂಗಾ?”

ಬಸವಲಿಂಗಮ್ಮ ತಲೆ ತಗ್ಗಿಸಿದಳು.

“ಎಷ್ಟು ದಿನ ಆಯ್ತು ಅಕ್ಕ?”

“ಯುಗಾದಿಯಿಂದ.”

“ದೀಪಾವಳಿ ಹತ್ರ ಬಂತಲ್ಲ! ನೋವೈತಾ?”

“ಒಂದು ಚೂರೂ ಇಲ್ಲ ಅಂತಾರೆ. ಅದಕ್ಕೇ ಅವ್ರಿಗೆ ಧೈರ್ಯ.”

“ನೋವಿಲ್ಲ ಅಂದ್ರೆ ಕಾಯಿಲೆ ಸಣ್ಣದು ಅಂತೇನಿಲ್ಲ. ಲೋಳೆ ಹೋಗ್ತೈತಾ? ಮೊದ್ಲಿಗಿಂತ ಹೆಚ್ಚು ಸಲ ಹೋಗ್ತಾರಾ?”

ಬಸವಲಿಂಗಮ್ಮ ತಾನು ಕಂಡದ್ದನ್ನೆಲ್ಲ ಹೇಳಿದಳು. ಎರಡರಿಂದ ಐದಾಗಿದ್ದು, ಐದರಿಂದ ಎಂಟಾಗಿದ್ದು, ಗಂಜಿಯಂಥ ಲೋಳೆ, ನಲವತ್ತು ದಿನದ ಪುಡಿ.

“ಆ ವೈದ್ಯ ಒಳಗೆ ಪರೀಕ್ಷೆ ಮಾಡಿದ್ನಾ?”

“ಕೈ ನೋಡ್ದ.”

“ರಕ್ತ ಕೈಯಿಂದ ಬರ್ತಿತ್ತಾ?”

ಬಸವಲಿಂಗಮ್ಮನಿಗೆ ಆ ಚಿಂತೆಯ ನಡುವೆಯೂ ನಗು ಬಂದುಬಿಟ್ಟಿತು.

“ನೋಡಕ್ಕ,” ಎಂದಳು ದಾಕ್ಷಾಯಿಣಿ. “ಇದು ಮೂಲವ್ಯಾಧೀನೇ ಇರಬಹುದು, ಇಲ್ದೇನೂ ಇರಬಹುದು. ಮಲ ಹೊರಗೆ ಬರೋ ದಾರಿ ಒಳಗೆ ಕೆಲವ್ರಿಗೆ ಗಂಟು ಬೆಳೀತದೆ. ಅದೂ ರಕ್ತಾನೇ ಸುರಿಸ್ತದೆ. ನೀನು ನೋಡಿ ಹೇಳೋಕಾಗಲ್ಲ, ನಾನೂ ಹೇಳೋಕಾಗಲ್ಲ. ಒಳಗೆ ಪರೀಕ್ಷೆ ಮಾಡ್ದೋರು ಮಾತ್ರ ಹೇಳಬಹುದು. ನಾಳೆ ಮನೆಗೆ ಬರ್ತೀನಿ. ನಾನೇ ಬಂದೆ ಅಂತ ಇರ್ಲಿ, ನೀನು ಹೇಳ್ದೆ ಅಂತ ಬೇಡ.”

ಮರುದಿನ ದಾಕ್ಷಾಯಿಣಿ ಬಂದಾಗ ಚಿತ್ತಪ್ಪ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಬೊಮ್ಮಲಿಂಗಪ್ಪ ಗುಂಡಿಯಲ್ಲಿದ್ದ. ಅವಳು ಸುತ್ತು ಬಳಸಿ ಮಾತಾಡಲಿಲ್ಲ. ಚಳ್ಳಕೆರೆಗೆ ಹೋಗಿ ಸರ್ಜನ್ ಹತ್ತಿರ ಪರೀಕ್ಷೆ ಮಾಡಿಸಿಕೊಳ್ಳಿ ಎಂದಳು. ಬೊಮ್ಮಲಿಂಗಪ್ಪ ಹೆಂಡತಿಯತ್ತ ಒಂದು ಸಲ ನೋಡಿ ಲಾಳಿ ಓಡಿಸತೊಡಗಿದ. ಅವನ ಪರವಾಗಿ ಚಿತ್ತಪ್ಪ ಉತ್ತರ ಕೊಟ್ಟ.

“ನರ್ಸಮ್ಮ, ಮಕ್ಕಳಿಗೆ ಹನಿ ಹಾಕೋದು ನಿನ್ನ ಕೆಲಸ. ಅದನ್ನ ಚೆನ್ನಾಗಿ ಮಾಡ್ತೀಯ. ಗುಂಡಿ ಕಾವು ನಮ್ಮ ಕಾಯಿಲೆ. ನಮ್ಮಪ್ಪಂಗಿತ್ತು, ನನ್ನ ಅಣ್ಣಂಗಿತ್ತು.”

“ಅವ್ರಿಗೆ ಯಾರು ಪರೀಕ್ಷೆ ಮಾಡಿ ಹೇಳಿದ್ರು ಚಿತ್ತಣ್ಣ?”

“ಪರೀಕ್ಷೆ ಯಾಕೆ ಬೇಕು? ಮಗ್ಗದಾಗೆ ಕೂತೋರಿಗೆ ಬರ್ತದೆ.”

“ಮಗ್ಗದಾಗೆ ಕೂತೋರಿಗೆ ಬೇರೆ ಕಾಯಿಲೆ ಬರಬಾರ್ದು ಅಂತ ಎಲ್ಲಾದ್ರೂ ಬರೆದೈತಾ?”

ಚಿತ್ತಪ್ಪ ಎಲೆಯ ರಸ ಉಗುಳಿ ಬಂದು ಕೂತ. ಅವನ ದನಿ ಈಗ ಬೇರೆಯಾಗಿತ್ತು. “ನಮ್ಮ ಭಾವನ್ನ ಹಿಂಗೇ ಹೇಳಿ ಕರ್ಕೊಂಡು ಹೋದ್ರು. ಏನ್ ಮಾಡಿದ್ರು ಗೊತ್ತಾ? ಕೆಳಗಿನ ದಾರಿ ಮುಚ್ಚಿದ್ರು. ಹೊಟ್ಟೆಗೆ ತೂತು ಕೊರೆದು ಚೀಲ ಕಟ್ಟಿ ಕಳಿಸಿದ್ರು. ಮಲ ಎಲ್ಲ ಅದಕ್ಕೇ. ಮಗ್ಗ ಮಾರಿಬಿಟ್ಟ.”

ಲಾಳಿಯ ಸದ್ದು ನಿಂತಿತು. ಬೊಮ್ಮಲಿಂಗಪ್ಪ ಮೊದಲ ಸಲ ಬಾಯಿ ಬಿಟ್ಟ. ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು ಅವನ ಹೊಟ್ಟೆಗೆ ತಾಗಿಕೊಂಡೇ ಇತ್ತು. ಅದನ್ನು ಅಂಗೈಯಿಂದ ತಟ್ಟಿದ.

“ಇದು ಎಲ್ಲಿ ಒತ್ತುತೈತೆ ನೋಡ್ರಿ ನರ್ಸಮ್ಮ. ಇಲ್ಲೇ. ಚೀಲ ಕಟ್ಟೋದೂ ಇಲ್ಲೇ. ಆಮೇಲೆ ನಾನು ಎಲ್ಲಿ ಕೂತು ನೇಯ್ಲಿ?”

ಬಸವಲಿಂಗಮ್ಮ ಗಂಡನ ಮುಖ ನೋಡಿದಳು. ಇಷ್ಟು ದಿನ ಅವನಿಗೆ ಇದ್ದದ್ದು ನಾಚಿಕೆ ಎಂದುಕೊಂಡಿದ್ದಳು. ಇದ್ದದ್ದು ಹೆದರಿಕೆ. ಅವನೂ ಒಳಗೊಳಗೆ ಎಣಿಸುತ್ತಲೇ ಇದ್ದ.

ದಾಕ್ಷಾಯಿಣಿ ಆ ಮಾತನ್ನು ಹಗುರ ಮಾಡಲಿಲ್ಲ. “ಚೀಲ ಇಟ್ಟುಕೊಂಡೋರೂ ಬದುಕ್ತಾರೆ ಅಣ್ಣ, ಕೆಲಸಾನೂ ಮಾಡ್ತಾರೆ. ಜೀವ ಉಳಿಸೋಕೆ ಬೇರೆ ದಾರಿ ಇಲ್ದಾಗ ಅದನ್ನ ಮಾಡೋದು. ಆದ್ರೆ ಗಂಟು ಮೇಲ್ಪದರದಾಗೇ ಇದ್ರೆ ಹೊಟ್ಟೆ ಕೊಯ್ಯೋದೇ ಬೇಕಾಗಲ್ಲ. ಮಲ ಬರೋ ದಾರಿಯಾಗೇ ಬೆರಳು ದಪ್ಪದ ಕೊಳವೆ ಬಿಡ್ತಾರೆ. ಅದರ ತುದಿಗೆ ದೀಪ ಇರ್ತದೆ, ಕ್ಯಾಮೆರಾ ಇರ್ತದೆ. ಒಳಗಿಂದಾನೇ ಗಂಟು ತೆಗೀತಾರೆ. ರೇಷ್ಮೆ ಎಳೆಯಾಗೆ ಗಂಟು ಬಿದ್ರೆ ನೀವೇನ್ ಮಾಡ್ತೀರಿ? ತಕ್ಷಣ ಬಿಡಿಸಿದ್ರೆ ಒಂದು ಎಳೆ ಹೋಗ್ತದೆ. ನೋಡ್ದೇನೇ ನೇಯ್ತಾ ಹೋದ್ರೆ?”

ಬೊಮ್ಮಲಿಂಗಪ್ಪ ದಿಂಡಿನಿಂದ ಕೈ ತೆಗೆದ. “ಮದುವೆ ಸೀರೆ ಮುಗೀಲಿ, ನೋಡೋಣ” ಎಂದು ಮತ್ತೆ ಲಾಳಿ ಹಿಡಿದ. ನಾಯಕನಹಟ್ಟಿಯ ಜಯದೇವಪ್ಪನವರ ಮಗಳ ಮದುವೆಯ ಸೀರೆ ಅದು. ಕೊಡಬೇಕಾದ ದಿನಕ್ಕೆ ಇನ್ನು ಎರಡೂವರೆ ವಾರ ಇತ್ತು. ಬಸವಲಿಂಗಮ್ಮನಿಗೆ ಗೊತ್ತಿತ್ತು, ಇದಾದ ಮೇಲೆ ಇನ್ನೊಂದು ಸೀರೆ ಇರುತ್ತದೆ. ಅದಾದ ಮೇಲೆ ಮತ್ತೊಂದು.

ಸೋಮವಾರ ಬೆಳಿಗ್ಗೆ ಅವಳು ಒಲೆ ಆರಿಸಿ, ಪಾತ್ರೆ ತೊಳೆದಿಟ್ಟು, ಬಾಗಿಲ ಹೊರಗೆ ಅಕ್ಕಿ ಆರಿಸುತ್ತಾ ಕೂತಳು.

“ಬಾರೆ, ಬಿಸಿಲೇರ್ತು,” ಎಂದು ಒಳಗಿನಿಂದ ಕರೆದ ಬೊಮ್ಮಲಿಂಗಪ್ಪ.

“ನಾನು ಮಗ್ಗಕ್ಕೆ ಕೂರಲ್ಲ.”

“ಮೈ ಹುಷಾರಿಲ್ವಾ?”

“ನನ್ನ ಮೈ ನೆಟ್ಟಗೈತೆ. ನೀವು ಚಳ್ಳಕೆರೆಗೆ ಹೋಗಿ ಬರೋವರ್ಗೂ ಕೂರಲ್ಲ.”

ಅವನು ಮೊದಲು ನಕ್ಕ. ಆಮೇಲೆ ಬೈದ. ಆಮೇಲೆ ಹೊರಗೆ ಬಂದು ನಿಂತು, ಕೊಟ್ಟ ಮಾತಿನ ಸೀರೆ ಎಂದು ನೆನಪಿಸಿದ. ಅವಳು ಅಕ್ಕಿಯಿಂದ ಕಣ್ಣು ತೆಗೆಯಲಿಲ್ಲ. ಹದಿನೆಂಟು ವರ್ಷದಲ್ಲಿ ಅವಳು ಮಗ್ಗಕ್ಕೆ ಕೂರಲ್ಲ ಎಂದದ್ದು ಎರಡು ಬಾಣಂತನದಲ್ಲಿ ಮಾತ್ರ.

ಮೂರನೆಯ ಲಾಳಿಗೆ ಕೈ ಇಲ್ಲದೆ ಸೀರೆ ಒಂದು ಬೆರಳೂ ಮುಂದೆ ಹೋಗುವಂತಿರಲಿಲ್ಲ. ಬೊಮ್ಮಲಿಂಗಪ್ಪ ಎದುರು ಮನೆಗೆ ಹೋದ. ಚಿತ್ತಪ್ಪನ ಮಗ್ಗಕ್ಕೆ ಹೊಸ ಹಾಸಿನ ನೂಲು ಇನ್ನೂ ಬಂದಿರಲಿಲ್ಲ, ಅವನು ಖಾಲಿ ಇದ್ದ. ಹೆಗಲ ಮೇಲೆ ಟವೆಲು ಹಾಕಿಕೊಂಡು ಠೀವಿಯಿಂದ ಬಂದ.

“ಏನ್ ತಂಗಿ, ಮುಷ್ಕರಾನಾ? ಘೋಷಣೆ ಗೀಷಣೆ ಏನಾದ್ರೂ ಐತಾ?”

“ಒಳಗೆ ಹೋಗಿ ಕೂತ್ಕೊಳ್ಳಣ್ಣ. ನನ್ನ ಜಾಗ ಖಾಲಿ ಐತೆ.”

ಚಿತ್ತಪ್ಪ ಅವಳ ಜಾಗದಲ್ಲಿ ಕೂತ. ಮೊದಲ ಅರ್ಧ ಗಂಟೆ ಇಬ್ಬರ ಹರಟೆ, ಲಾಳಿಯ ಸದ್ದು ಎರಡೂ ಹೊರಗೆ ಕೇಳುತ್ತಿದ್ದವು. ಆಮೇಲೆ ಸದ್ದು ನಿಂತಿತು. ಬೊಮ್ಮಲಿಂಗಪ್ಪ ಚೊಂಬು ಹಿಡಿದು ಹಿತ್ತಿಲಿಗೆ ಹೋಗಿ ಬಂದ. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಬಸವಲಿಂಗಮ್ಮ ಅಕ್ಕಿ ಆರಿಸಿ ಮುಗಿಸಿ, ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡಳು.

ಮೂರನೆಯ ಸಲ ಚಿತ್ತಪ್ಪ ಗೊಣಗಿದ್ದು ಕೇಳಿತು. “ಲೇ ಬೊಮ್ಮ, ನೇಯಾಕೆ ಕರೆದ್ಯೋ, ಹಿತ್ಲು ಕಾಯಾಕೆ ಕರೆದ್ಯೋ?”

ಐದನೆಯ ಸಲಕ್ಕೆ ತಮಾಷೆ ಇರಲಿಲ್ಲ. ಬೊಮ್ಮಲಿಂಗಪ್ಪ ಎದ್ದು ಹೋದ ಮೇಲೆ ಒಳಗೆ ಬಹಳ ಹೊತ್ತು ಏನೂ ಸದ್ದಿಲ್ಲ. ಅವಳು ಬಗ್ಗಿ ನೋಡಿದಳು. ಚಿತ್ತಪ್ಪ ಹಲಗೆಯ ಮೇಲಿನ ಕೆಂಪು ಬಟ್ಟೆಯ ಮೇಲೆ ಕೈ ಇಟ್ಟು, ಕೈಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಬಟ್ಟೆಯಲ್ಲಿ ಬಣ್ಣ ಕಂಡಿರಲಿಲ್ಲ, ಅಂಗೈಯಲ್ಲಿ ಕಂಡಿತ್ತು.

ಬೊಮ್ಮಲಿಂಗಪ್ಪ ಒಳಗೆ ಬಂದು ಅದನ್ನು ನೋಡಿ ಬಾಗಿಲಲ್ಲೇ ನಿಂತ.

“ಬೊಮ್ಮ,” ಎಂದ ಚಿತ್ತಪ್ಪ. “ನಂಗೂ ಒಂದು ಕಾಲದಾಗೆ ರಕ್ತ ಬಿದ್ದಿತ್ತು. ಹಿಂಗಲ್ಲ ಕಣಲೇ. ಇದು ಗುಂಡಿ ಕಾವಲ್ಲ.”

“ನೀನೇ ಅಂದ್ಯಲ್ಲ—”

“ಅಂದೆ. ಇನ್ನೊಂದು ಮಾತು ಹೇಳದೆ ಬಿಟ್ಟಿದ್ದೆ.” ಅವನು ಕೈಯನ್ನು ಟವೆಲಿಗೆ ಒರೆಸಿಕೊಂಡ. “ನಮ್ಮ ಭಾವ ಎರಡೂವರೆ ವರ್ಷ ಯಾರಿಗೂ ಹೇಳಿರ್ಲಿಲ್ಲ. ಡಾಕ್ಟ್ರು ಮೊದಲು ಕೇಳಿದ್ದೇ ಅದು, ಯಾಕಪ್ಪ ಇಷ್ಟು ತಡ ಮಾಡ್ದೆ ಅಂತ. ನಾನು ಅಲ್ಲೇ ಬಾಗಿಲಾಗೆ ನಿಂತಿದ್ದೆ. ಊರಿಗೆ ಬಂದು ಚೀಲದ ಸುದ್ದಿ ಮಾತ್ರ ಹೇಳ್ದೆ. ತಡದ ಸುದ್ದಿ ಹೇಳಿದ್ರೆ ಭಾವಂಗೆ ಅವಮಾನ ಅಂತ ನುಂಗಿಕೊಂಡೆ.”

ಬೊಮ್ಮಲಿಂಗಪ್ಪ ನಿಧಾನವಾಗಿ ಕೆಳಗೆ ಕೂತ. ಬಸವಲಿಂಗಮ್ಮ ಅವನಿಗೆ ಒಂದು ಲೋಟ ನೀರು ತಂದುಕೊಟ್ಟಳು.

“ಚಳ್ಳಕೆರೆ ಬಸ್ಸು ಎಷ್ಟು ಗಂಟೆಗೆ ಐತೆ?” ಎಂದು ಅವನು ಕೇಳಿದ್ದು ನೀರು ಕುಡಿದ ಮೇಲೆ.

ಚಳ್ಳಕೆರೆಯ ಸರ್ಜನ್ ಹೆಚ್ಚು ಮಾತಿನವರಲ್ಲ. ಕೈಗವಸು ಹಾಕಿಕೊಂಡು ಬೆರಳಿನಿಂದ ಪರೀಕ್ಷೆ ಮಾಡಿದರು. ಎರಡು ನಿಮಿಷದ ಕೆಲಸ. ಮೂಲವ್ಯಾಧಿ ಸ್ವಲ್ಪ ಇದೆ, ಅದರ ಮೇಲುಗಡೆ ಮೆತ್ತನೆಯ ಗಂಟೊಂದು ಬೆರಳಿಗೆ ಸಿಗುತ್ತಿದೆ ಎಂದರು. ಎರಡೂ ಇರುವುದೇ ಹೆಚ್ಚು ಮೋಸ, ಮೂಲವ್ಯಾಧಿ ಕಂಡ ತಕ್ಷಣ ಜನ ಒಳಗೆ ನೋಡುವುದನ್ನು ನಿಲ್ಲಿಸಿಬಿಡುತ್ತಾರೆ ಎಂದು ಹೇಳಿ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದರು. ಹೊರಗೆ ಬಂದ ಬೊಮ್ಮಲಿಂಗಪ್ಪ ಹೆಂಡತಿಗೆ ಹೇಳಿದ್ದು ಒಂದೇ ಮಾತು. “ಇಷ್ಟಕ್ಕೆ ಏಳು ತಿಂಗಳು ಹೆದರಿದೆ.”

ಬೆಂಗಳೂರಿಗೆ ಮೂವರೂ ಹೋದರು. ಚಿತ್ತಪ್ಪ ತಾನೇ ಹೊರಟ. ಅಲ್ಲಿ ಮೊದಲು ಹೊಟ್ಟೆ ಖಾಲಿ ಮಾಡಿಸಿ, ಕೊಳವೆ ಹಾಕಿ ಕರುಳನ್ನು ಪೂರ್ತಿ ನೋಡಿ, ಗಂಟಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗಂಟು ಅಡಿಕೆಯಷ್ಟು ದೊಡ್ಡದಿತ್ತು. ಎದ್ದು ನಿಂತಿರಲಿಲ್ಲ, ಗೋಡೆಗೆ ಅಂಟಿಕೊಂಡು ಹರಡಿತ್ತು. ಆ ಚೂರಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ, ಆದರೆ ಬಿಟ್ಟರೆ ಮುಂದೆ ಆಗುವ ಜಾತಿಯದು ಎಂದು ಡಾಕ್ಟರು ತಿಳಿಸಿದರು. ಎರಡು ವಾರಕ್ಕೆ ದಿನ ಕೊಟ್ಟರು. ಆ ನಡುವೆ ಬಸವಲಿಂಗಮ್ಮ ಮತ್ತೆ ಮಗ್ಗಕ್ಕೆ ಕೂತಳು, ಬೊಮ್ಮಲಿಂಗಪ್ಪನ ಹಲಗೆಯಲ್ಲಿ ಚಿತ್ತಪ್ಪ ಕೂತ. ಮದುವೆಯ ಸೀರೆ ನಾಯಕನಹಟ್ಟಿಗೆ ಹೋಯಿತು.

ಗಂಟು ತೆಗೆಯುವ ಹಿಂದಿನ ದಿನ ಬೊಮ್ಮಲಿಂಗಪ್ಪನಿಗೆ ಗಂಜಿ, ಎಳನೀರು ಬಿಟ್ಟರೆ ಬೇರೆ ಊಟವಿಲ್ಲ. ಸಂಜೆ ಒಂದು ದೊಡ್ಡ ಜಗ್ಗಿನ ತುಂಬ ಉಪ್ಪುಪ್ಪಾದ ಔಷಧದ ನೀರು ಕೊಟ್ಟು, ಲೋಟ ಲೋಟವಾಗಿ ಕುಡಿಯಿರಿ ಎಂದರು. ಒಳಗೆ ಚೊಕ್ಕವಿದ್ದರೆ ಮಾತ್ರ ಕ್ಯಾಮೆರಾಗೆ ಗಂಟು ಸರಿಯಾಗಿ ಕಾಣುತ್ತದೆ.

“ಲೇ, ಅವತ್ತು ಮಗ್ಗದಾಗೆ ಐದು ಸಲ ಎದ್ದಿದ್ದಕ್ಕೆ ಬೈದೆ,” ಎಂದ ಚಿತ್ತಪ್ಪ. “ಇವತ್ತು ಹದಿನಾಲ್ಕು ಆಯ್ತು.”

“ನೀನೇ ಎರಡು ಲೋಟ ಕುಡಿದು ನೋಡು, ಗೊತ್ತಾಗ್ತದೆ.”

“ಬ್ಯಾಡಪ್ಪ, ನಾನು ಊರಿಗೆ ಬಸ್ನಾಗೆ ಹೋಗಬೇಕು.”

ಮರುದಿನ ಹತ್ತು ಗಂಟೆಗೆ ಅವನನ್ನು ಒಳಗೆ ಕರೆದುಕೊಂಡು ಹೋದರು. ಬಸವಲಿಂಗಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು. ಬಾಗಿಲ ಮೇಲೊಂದು ಗಡಿಯಾರವಿತ್ತು, ಅದನ್ನು ನೋಡಬಾರದೆಂದು ನೆಲ ನೋಡುತ್ತಿದ್ದಳು. ಹೊಟ್ಟೆ ಕೊಯ್ಯಬೇಕಾದರೆ ಮತ್ತೆ ಬಂದು ಸಹಿ ಕೇಳುತ್ತಾರೆ ಎಂದು ಯಾರೋ ಹೇಳಿದ್ದರು. ಬಾಗಿಲು ತೆರೆದಾಗಲೆಲ್ಲ ಅವಳು ನರ್ಸಿನ ಕೈ ನೋಡಿದಳು, ಕಾಗದ ಇದೆಯೇ ಎಂದು. ಮೂರು ಸಲ ಬಾಗಿಲು ತೆರೆಯಿತು. ಯಾರ ಕೈಯಲ್ಲೂ ಕಾಗದ ಇರಲಿಲ್ಲ.

ಒಂದೂಕಾಲು ಗಂಟೆಯ ಮೇಲೆ ಡಾಕ್ಟರು ತಾವೇ ಹೊರಗೆ ಬಂದರು. ಸಣ್ಣ ಬಾಟಲಿಯಲ್ಲಿ ಔಷಧದ ನೀರಿನಲ್ಲಿ ಮೂರು ನಾಲ್ಕು ತುಂಡು ತೇಲುತ್ತಿದ್ದವು.

“ಇದೇ ನೋಡಿ ಅಮ್ಮ, ನಿಮ್ಮ ಯಜಮಾನರ ಗಂಟು. ಪೂರ್ತಿ ಬಂತು.”

“ಎಲ್ಲಿ ಕೊಯ್ದ್ರಿ ಸಾರ್?”

“ಹೊರಗೆ ಎಲ್ಲೂ ಕೊಯ್ದಿಲ್ಲ. ಗಂಟಿನ ಬುಡಕ್ಕೆ ಸೂಜಿಯಲ್ಲಿ ನೀರಿನಂಥ ಔಷಧ ಬಿಟ್ಟು, ಗೋಡೆಯಿಂದ ಮೇಲಕ್ಕೆ ಉಬ್ಬಿಸಿದ್ವಿ. ಆಮೇಲೆ ತಂತಿಯ ಕುಣಿಕೆ ಹಾಕಿ ಬಿಗಿದು, ಸ್ವಲ್ಪ ಕರೆಂಟು ಕೊಟ್ಟು ಬಿಡಿಸಿದ್ವಿ. ಇವತ್ತು ಇಲ್ಲೇ ಇರ್ಲಿ. ರಕ್ತ ಬರದಿದ್ರೆ ನಾಳೆ ಮನೆಗೆ.”

ಬಸವಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಬೊಮ್ಮಲಿಂಗಪ್ಪನಿಗೆ ಪೂರ್ತಿ ಎಚ್ಚರ ತಪ್ಪಿಸಿರಲಿಲ್ಲ, ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರು. ಪಕ್ಕದ ಟೀವಿಯಲ್ಲಿ ಅವನಿಗೆ ಎಲ್ಲ ಅರೆಬರೆ ಕಂಡಿತ್ತು. ಸಂಜೆ ಗಂಜಿ ಕುಡಿಯುತ್ತಾ ಚಿತ್ತಪ್ಪನಿಗೆ ಅದನ್ನು ಬಣ್ಣಿಸಿದ. “ಆ ಡಾಕ್ಟ್ರು ಕುಣಿಕೆ ಹಾಕಿದ್ದು ನೋಡ್ಬೇಕಿತ್ತು ಚಿತ್ತಣ್ಣ. ಮೊದಲ್ನೇ ಸಲ ಜಾರಿತು. ಎರಡನೇ ಸಲ ಸರಿಯಾಗಿ ಬುಡಕ್ಕೆ ಹಾಕಿದ್ರು. ನಿಂಗಿಂತ ಕೈ ಹಗುರ.”

“ನಂದು ಒರಟು ಕೈನೇ. ಅದಕ್ಕೇ ಅಲ್ವಾ ನಿನ್ನ ಸೀರೆ ಮುಗಿಸಿದ್ದು.”

ಹತ್ತು ದಿನದ ಮೇಲೆ ವರದಿ ತರಲು ಹೋದರು. ಡಾಕ್ಟರು ಕಾಗದವನ್ನು ಎರಡು ಸಲ ಓದಿ ತಲೆ ಎತ್ತಿದರು. ಗಂಟಿನ ಒಂದು ಮೂಲೆಯಲ್ಲಿ ಜೀವಕೋಶಗಳು ಕೆಡಲು ಶುರುವಾಗಿದ್ದವು. ಕೆಟ್ಟದ್ದು ಮೇಲ್ಪದರದಲ್ಲೇ ನಿಂತಿತ್ತು, ಬುಡ ಮುಟ್ಟಿರಲಿಲ್ಲ. ಬೇರೆ ಆಪರೇಷನ್ ಬೇಡ, ಚೀಲವೂ ಬೇಡ. ಆದರೆ ಮೂರು ತಿಂಗಳಾದ ಮೇಲೆ ಒಂದು ಸಲ, ಆಮೇಲೆ ವರ್ಷಕ್ಕೆ ಒಮ್ಮೆ ಬಂದು ಕೊಳವೆ ಪರೀಕ್ಷೆ ಮಾಡಿಸಲೇಬೇಕು, ಗಂಟು ಮತ್ತೆ ಚಿಗುರುವುದುಂಟು ಎಂದರು. ಒಡಹುಟ್ಟಿದವರು, ಮಕ್ಕಳು ಕೂಡ ಡಾಕ್ಟರ ಸಲಹೆ ಕೇಳಬೇಕು ಎಂದರು.

“ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಸಾರ್?” ಎಂದು ಕೇಳಿದ ಬೊಮ್ಮಲಿಂಗಪ್ಪ.

“ಆಗ ನಾನು ಇಷ್ಟು ಸಲೀಸಾಗಿ ಮಾತಾಡೋಕಾಗ್ತಿರಲಿಲ್ಲ,” ಎಂದರು ಡಾಕ್ಟರು.

ಡಾಕ್ಟರು ಹೇಳಿದಷ್ಟು ದಿನ ಮನೆಯಲ್ಲಿದ್ದು, ಸಂಕ್ರಾಂತಿ ಕಳೆದ ಮೇಲೆ ಬೊಮ್ಮಲಿಂಗಪ್ಪ ಮಗ್ಗಕ್ಕೆ ಇಳಿದ. ಮೂರು ತಿಂಗಳ ಪರೀಕ್ಷೆಗೆ ಯಾರೂ ನೆನಪಿಸದೆ ತಾನೇ ಹೋಗಿ ಬಂದ. ಗಂಟಿದ್ದ ಜಾಗದಲ್ಲಿ ಸಣ್ಣ ಕಲೆ ಮಾತ್ರ ಇತ್ತು.

ಆ ವಾರದ ಸಂಘದ ಸಭೆಯಲ್ಲಿ ದಾಕ್ಷಾಯಿಣಿ, “ಬಸಲಿಂಗಕ್ಕ, ನಡೆದಿದ್ದನ್ನ ನೀನೇ ಹೇಳು” ಎಂದಳು. ಬಸವಲಿಂಗಮ್ಮನಿಗೆ ಸಭೆಯಲ್ಲಿ ಮಾತಾಡಿ ರೂಢಿಯಿಲ್ಲ. ನಾಚಿಕೆಯ ಮಾತುಗಳ ಹತ್ತಿರ ಬಂದಾಗ ತಡವರಿಸಿದಳು. ಆದರೂ ಯಾವುದನ್ನೂ ಬಿಡದೆ ಹೇಳಿದಳು. ರಕ್ತ, ಲೋಳೆ, ಬೆರಳಿನ ಪರೀಕ್ಷೆ, ತಂತಿಯ ಕುಣಿಕೆ. ಹಿಂದಿನ ಸಾಲಿನ ಹುಡುಗಿಯರು ಮೊದಲು ಕಿಸಕ್ಕೆಂದು ನಕ್ಕರು, ಸ್ವಲ್ಪ ಹೊತ್ತಿಗೆ ನಗು ನಿಲ್ಲಿಸಿದರು.

ಸಭೆ ಮುಗಿಯಿತು. ಚಾಪೆ ಸುತ್ತಬೇಕು, ಆದರೆ ಸುಲೋಚನಮ್ಮ ಏಳಲಿಲ್ಲ. ಊರಿನಲ್ಲಿ ಹೊಲ, ಅಂಗಡಿ ಎರಡೂ ಇರುವ ಮನೆಯ ಹಿರಿಯ ಹೆಂಗಸು ಆಕೆ. ಸಂಘದಲ್ಲಿ ಸಲಹೆ ಕೊಡುವವರೇ ಹೊರತು ಕೇಳುವವರಲ್ಲ. ಉಳಿದವರು ಚಪ್ಪಲಿ ಮೆಟ್ಟಿಕೊಂಡು ಹೋಗುವವರೆಗೆ ಬಾಗಿಲ ಕಡೆ ನೋಡುತ್ತಿದ್ದು, ಆಮೇಲೆ ದನಿ ತಗ್ಗಿಸಿ ಕೇಳಿದರು.

“ಹೆಂಗಸ್ರನ್ನೂ ಹಂಗೇ ನೋಡ್ತಾರೇನಮ್ಮ? ಹೆಣ್ಣು ಡಾಕ್ಟ್ರು ಇರ್ತಾರಾ?”

ದಾಕ್ಷಾಯಿಣಿ ಬಸವಲಿಂಗಮ್ಮನ ಮುಖ ನೋಡಿದಳು. ಬಸವಲಿಂಗಮ್ಮ ಸುತ್ತುತ್ತಿದ್ದ ಚಾಪೆಯನ್ನು ಮತ್ತೆ ಹಾಸಿ, ಸುಲೋಚನಮ್ಮನ ಪಕ್ಕದಲ್ಲಿ ಕೂತಳು.

“ಇರ್ತಾರಮ್ಮ. ನಾನೂ ನಿಮ್ಮ ಜೊತೆ ಬರ್ತೀನಿ. ಎಷ್ಟು ದಿನದಿಂದ ಐತೆ ಹೇಳಿ.”

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ನಿಮ್ಮ ಮನೆಯವರಿಗೂ ಇದೇ ಪ್ರಶ್ನೆ. ಮಲದ ಜೊತೆ ರಕ್ತವೋ ಲೋಳೆಯೋ ಹೋಗುತ್ತಿದೆಯೇ? ಮೊದಲಿನ ಅಭ್ಯಾಸ ಬದಲಾಗಿ ಕೆಲವು ವಾರ ಆಯಿತೇ? ಹೋಗಿ ಬಂದರೂ ಇನ್ನೂ ಉಳಿದಂತೆ ಅನ್ನಿಸುತ್ತದೆಯೇ? ಕಾರಣವಿಲ್ಲದೆ ಮೈ ಇಳಿದಿದೆಯೇ? ಕೂತು ಕೆಲಸ ಮಾಡುವುದರಿಂದ ಬಂತು, ಉಷ್ಣದಿಂದ ಬಂತು ಎಂದು ನೀವೇ ಹೆಸರಿಡಬೇಡಿ. ಬಹಳಷ್ಟು ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ಅದನ್ನೂ ಡಾಕ್ಟರೇ ನೋಡಿ ಹೇಳಲಿ. ಎಲ್ಲ ಗಂಟನ್ನೂ ಕೊಳವೆಯಿಂದ ತೆಗೆಯಲಾಗುವುದಿಲ್ಲ. ಯಾವುದನ್ನು ತೆಗೆಯಬಹುದು ಎನ್ನುವುದು ಗಂಟು ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ನಿಂತಿದೆ, ಆಳಕ್ಕೆ ಇಳಿಯಲು ಅದಕ್ಕೆ ಬೇಕಾದದ್ದು ನಿಮ್ಮ ಮೌನ ಮಾತ್ರ.

ಹತ್ತಿರದ ಆರೋಗ್ಯ ಕೇಂದ್ರಕ್ಕೆ ಈ ವಾರವೇ ಹೋಗಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಈ ಹಾಳೆಯನ್ನೇ ಡಾಕ್ಟರ ಮೇಜಿನ ಮೇಲೆ ಇಡಿ. ಉಳಿದದ್ದನ್ನು ಅವರು ಕೇಳುತ್ತಾರೆ.